ಅರ್ಧ ಐಸ್ ಇಳಿದ ಮೇಲೆ

ಐಸ್ ಗಾಡಿಗೆ ದಿನಕ್ಕೆ ಎರಡು ತೂಕ ಎಂದು ಐಸ್ ಫ್ಯಾಕ್ಟರಿ ನಡೆಸುವ ಆ ಮನೆಯವರು ನಂಬಿದ್ದರು. ಫ್ಯಾಕ್ಟರಿಯಿಂದ ಹೊರಡುವಾಗಿನದು ಒಂದು, ಮೀನು ಮಾರುಕಟ್ಟೆ ಮುಟ್ಟುವಾಗಿನದು ಇನ್ನೊಂದು. ನಡುವೆ ಹಾಲಿನ ಡೈರಿಯಲ್ಲಿ ಅರ್ಧಕ್ಕರ್ಧ ಗಡ್ಡೆಗಳು ಇಳಿಯುತ್ತಿದ್ದವು. ಇಳಿಯದೆ ಉಳಿದವು ಹಿಂಬಾಗಿಲ ಸಂದಿಯಿಂದ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಾ, ಗಾಡಿ ಎಲ್ಲಿಗೆ ಹೋಯಿತೆಂದು ಊರಿಗೆಲ್ಲ ಸಾರುತ್ತಿದ್ದವು. ತೂಕ ಎರಡಾದ ಮೇಲೆ ಡ್ರೈವರೂ ಇಬ್ಬರು. ಭಾರದ ಅರ್ಧಕ್ಕೆ ಮನೆಯ ಹಿರಿ ಮಗ, ಹಗುರದ ಅರ್ಧಕ್ಕೆ ಅವನನ್ನು ಭಾವ ಎನ್ನುವ ಚಿಕ್ಕ ಸೊಸೆ.

ಇದು ಭಾವ ಮಾಡಿಟ್ಟ ಕಟ್ಟಳೆ. ಆತ ಪ್ರಾಯದಲ್ಲಿ ಲಾರಿ ಓಡಿಸಿದವನು, ಹೆವಿ ಲೈಸೆನ್ಸಿನವನು. ಚಿಕ್ಕ ಸೊಸೆಯದು ಲೈಟ್ ಲೈಸೆನ್ಸು. ಅದರ ಬೆನ್ನಿನ ಮೇಲೆ, ಏಳೂವರೆ ಟನ್ನಿನ ಒಳಗಿನ ವಾಹನಗಳಿಗೆ ಮಾತ್ರ ಎಂದು ಅಚ್ಚಾಗಿತ್ತು. ಅದನ್ನು ಮೊದಲ ದಿನವೇ ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಭಾವ ತೀರ್ಪು ಕೊಟ್ಟುಬಿಟ್ಟಿದ್ದ.

"ಖಾಲಿ ಗಾಡಿಯಾದ್ರೆ ನಿನ್ನ ಲೈಸೆನ್ಸ್ ಸಾಕು ಕಣಮ್ಮಾ. ಐಸ್ ತುಂಬಿದ ಮೇಲೆ ಏಳೂವರೆ ದಾಟುತ್ತೆ. ದಾಟಿದ್ದು ನನ್ನ ಪಾಲು. ಡೈರಿಯಲ್ಲಿ ಅರ್ಧ ಇಳಿಸಿದ ಮೇಲೆ ನೀನು ಹತ್ಕೋ. ಕಾನೂನು ಅಂದ್ರೆ ಕಾನೂನು."

ಸರಿಯೋ ತಪ್ಪೋ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕೇಳೋಕೆ ಹೋಗಿ ಇಲ್ಲದ್ದನ್ನ ಮೈಮೇಲೆ ಎಳ್ಕೋಬಾರದು ಎನ್ನುವುದು ಆ ಮನೆಯ ಗೋಡೆಗಳಿಗೂ ಗೊತ್ತಿದ್ದ ಮಾತು. ಹೀಗಾಗಿ ದಿನವೂ ಡೈರಿ ದಾಟಿದ ಮೇಲೆ ಬರುವ ಟೀ ಅಂಗಡಿಯ ತಿರುವಿನಲ್ಲಿ ಗಾಡಿ ನಿಲ್ಲುತ್ತಿತ್ತು. ಭಾವ ಒಂದು ಕಡೆಯಿಂದ ಇಳಿದು, ಯುದ್ಧ ಗೆದ್ದವನ ಹಾಗೆ ಟವೆಲಿನಿಂದ ಕತ್ತು ಒರೆಸಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದ. ಆಕೆ ಒಳಗೊಳಗೇ ಜರುಗಿ ಸ್ಟೀರಿಂಗ್ ಹಿಡಿಯುತ್ತಿದ್ದಳು. ಟೀ ಅಂಗಡಿಯವನು ಇದನ್ನು ನೋಡೀ ನೋಡೀ ಅವಳಿಗೊಂದು ಹೆಸರಿಟ್ಟಿದ್ದ: ಅರ್ಧದಾರಿ. ಹೆಸರು ಗಾಡಿಗಿಂತ ಬೇಗ ಮಾರುಕಟ್ಟೆ ತಲುಪಿತ್ತು. "ಅರ್ಧದಾರಿ ಬಂದ್ಳು, ಬುಟ್ಟಿ ತನ್ನಿ" ಎಂದು ಮೀನಿನ ಹೆಂಗಸರು ಪ್ರೀತಿಯಿಂದಲೇ ಕೂಗುತ್ತಿದ್ದರು. ಪ್ರೀತಿಯಿಂದ ಕೂಗಿದರೂ ಚುಚ್ಚುವುದು ಚುಚ್ಚುತ್ತಿತ್ತು.

ಆದರೂ ಆ ಅರ್ಧ ಅವಳದು. ಗಂಡನ ಬೆನ್ನುಮೂಳೆ ಜರುಗಿ ಆತ ಕ್ಲಚ್ ತುಳಿಯಲಾರದವನಾದ ವರ್ಷ ಆಕೆ ಹಟ ಹಿಡಿದು ಕಲಿತದ್ದು. ಕಲಿಸುವವನು ಪಕ್ಕದಲ್ಲಿ ಕೂತು ಕಿರುಚಿದಷ್ಟೂ ಗಾಡಿ ಆಫ್ ಆಗುತ್ತಿತ್ತು. ಕೊನೆಗೆ ಆಕೆ ಅವನ ಕಿರುಚಾಟಕ್ಕೆ ಕಿವಿ ಮುಚ್ಚಿ, ಒಳಗೆ ಅತ್ತೆಯ ದನಿಗೆ ಕಿವಿ ತೆರೆದಳು. ಅತ್ತೆ ಬೆಳಗಾದರೆ ಪದ್ಯ ಹೇಳುವವರು. ಕಣ್ಣು ಮಂಜಾದ ಮೇಲೂ ಫ್ಯಾಕ್ಟರಿಯ ಮೂಲೆಯ ಸ್ಟೂಲಿನ ಮೇಲೆ ಕೂತು, ಮೋಟಾರಿನ ಗುಂಯ್‌ಗುಟ್ಟುವಿಕೆಯನ್ನೇ ಶ್ರುತಿ ಮಾಡಿಕೊಂಡು, ಒಂದೊಂದು ಸಾಲನ್ನೂ ಎಳೆದು, ನಿಲ್ಲಿಸಿ, ಮತ್ತೆ ಎತ್ತಿಕೊಳ್ಳುವರು. ಆ ನಿಲುಗಡೆಯಲ್ಲಿ ಕ್ಲಚ್ಚು, ಎತ್ತಿಕೊಳ್ಳುವಲ್ಲಿ ಗಿಯರು. ಹಾಗೆ ಕಲಿತಳು. ಪರೀಕ್ಷೆಯ ದಿನ ಅವಳ ತುಟಿ ಅಲುಗುತ್ತಿದ್ದುದನ್ನು ಕಂಡ ಅಧಿಕಾರಿ, ಈಕೆ ಹೆದರಿ ದೇವರನ್ನು ಕರೆಯುತ್ತಿದ್ದಾಳೆ ಎಂದುಕೊಂಡಿರಬೇಕು. ಅದೂ ಸುಳ್ಳಲ್ಲ.

ಆ ಸೀಟು ಅವಳಿಗೆ ಇಡೀ ದಿನದಲ್ಲಿ ಸಿಗುವ ಒಂದೇ ಒಣ ಜಾಗವೂ ಹೌದು. ಉಳಿದ ಹೊತ್ತೆಲ್ಲ ಉಪ್ಪುನೀರಿನ ತೊಟ್ಟಿ. ತಗಡಿನ ಡಬ್ಬಗಳಿಗೆ ನೀರು ತುಂಬಿ ತೊಟ್ಟಿಯಲ್ಲಿ ಇಳಿಬಿಡುವುದು, ಹೆಪ್ಪುಗಟ್ಟಿದ ಮೇಲೆ ರಾಟೆಯಿಂದ ಎತ್ತುವುದು, ಬೆಚ್ಚನೆ ನೀರಿನಲ್ಲಿ ಒಂದು ಗಳಿಗೆ ಅದ್ದುವುದು, ಗಡ್ಡೆ ಜಾರಿ ಹಲಗೆಯ ಮೇಲೆ ಬೀಳುವಾಗ ಕಾಲು ಹಿಂದಕ್ಕೆಳೆದುಕೊಳ್ಳುವುದು. ಬೆರಳಿನ ಸಂದಿಗಳು ಒಡೆದು, ಒಡೆದಲ್ಲಿ ಉಪ್ಪು ಇಳಿದು, ರಾತ್ರಿ ಹೊದಿಕೆ ತಾಕಿದರೂ ಉರಿಯುತ್ತಿದ್ದವು.

ಹಿಂದಿನ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಭಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದ. "ಸೋಮವಾರದಿಂದ ನನ್ನ ಭಾವಮೈದುನ ಬರ್ತಾನೆ ಗಾಡಿಗೆ. ಹೆವಿ ಲೈಸೆನ್ಸ್ ಇದೆ. ಶುರುವಿನಿಂದ ಕೊನೇವರೆಗೂ ಒಬ್ಬನೇ ಓಡಿಸ್ತಾನೆ. ನನಗೂ ಸಾಕಾಗಿದೆ, ಲೆಕ್ಕಪತ್ರ ನೋಡ್ಕೊಂಡು ಇರ್ತೀನಿ."

"ನನ್ನ ಅರ್ಧ?" ಎಂದಳು ಚಿಕ್ಕ ಸೊಸೆ.

"ನಿನ್ನ ಅರ್ಧ ಎಲ್ಲೂ ಹೋಗಿಲ್ಲಮ್ಮಾ. ತೊಟ್ಟಿ ಹತ್ತಿರ ಕಾಯ್ತಾ ಕೂತಿದೆ."

ವಾರಗಿತ್ತಿ ಕಿಸಕ್ಕೆಂದಳು. ಬರುವವನು ಅವಳ ಸ್ವಂತ ತಮ್ಮ, ನಗದೆ ಏನು ಮಾಡಿಯಾಳು. ಗಂಡ ಅನ್ನದಲ್ಲಿ ಏನೋ ಹುಡುಕುತ್ತಿರುವವನಂತೆ ಕೂತಿದ್ದ.

"ಗಾಡಿ ಬಿಡಲ್ಲ ನಾನು" ಎಂದಳು ಆಕೆ. ದನಿ ಏರಿಸಲಿಲ್ಲ. ಏರಿಸಿದ್ದರೆ ಭಾವ ಅದನ್ನು ಜಗಳ ಎಂದುಕೊಂಡು ಮರೆತುಬಿಡುತ್ತಿದ್ದನೇನೋ. ಏರಿಸದೆ ಇದ್ದದ್ದೇ ಅವನಿಗೆ ತಾಗಿತು.

"ಓಹೋ! ಹಾಗಾದ್ರೆ ನಾಳೆ ನಾನು ಬರೋದೇ ಇಲ್ಲ. ತುಂಬಿದ ಗಾಡಿ ಯಾರು ತೆಗೀತಾರೆ, ನಾನೂ ನೋಡ್ತೀನಿ."

ಹೇಳಿದಂತೆಯೇ ಬೆಳಿಗ್ಗೆ ಬರಲಿಲ್ಲ. ಬೈಕ್ ಹತ್ತಿ ನೇರ ಟೀ ಅಂಗಡಿಗೆ ಹೋಗಿ, ತನ್ನ ಬೆಂಚಿನ ಮೇಲೆ ಕೂತು, ಫೋನನ್ನು ತೊಡೆಯ ಮೇಲಿಟ್ಟುಕೊಂಡನಂತೆ. ಮನೆಯವರೆಲ್ಲ ಸಾಲಾಗಿ ಫೋನ್ ಮಾಡಿ ಗೋಗರೆಯುತ್ತಾರೆ ಎಂಬ ಧೈರ್ಯ.

ಗಾಡಿಯಂತೂ ಎಂದಿನಂತೆ ತುಂಬಿ ನಿಂತಿತ್ತು. ಹಿಂಬಾಗಿಲಿನವರೆಗೂ ಗಡ್ಡೆ, ಮೇಲೆ ಗೋಣಿ, ಗೋಣಿಯ ಮೇಲೆ ಮರದ ಹೊಟ್ಟು. ಟೈರುಗಳು ಹೊಟ್ಟೆ ತುಂಬ ಉಂಡವರ ಹಾಗೆ ಕುಸಿದು ಕೂತಿದ್ದವು. ಬಿಸಿಲು ಗೇಟಿನಿಂದ ಒಳಗೆ ಒಂದು ಕಾಲಿಟ್ಟಿತ್ತು. ಸಿಮೆಂಟ್ ನೆಲದ ಮೇಲೆ ಮೊದಲ ಹನಿ ಟಪ್ ಎಂದಿತು.

"ಅಣ್ಣನಿಗೆ ಫೋನ್ ಮಾಡಿ ತಪ್ಪಾಯ್ತು ಅಂದ್ಬಿಡೇ" ಎಂದ ಗಂಡ. "ಒಂದು ಮಾತು. ಬಾಯಿಗೇನು ಬಾಡಿಗೆ ಕೊಡ್ಬೇಕಾ?"

"ಏನು ತಪ್ಪು ಮಾಡಿದೀನಿ ಅಂತ ಹೇಳ್ಲಿ? ಅದನ್ನ ಹೇಳಿಕೊಡಿ, ಈಗ್ಲೇ ಮಾಡ್ತೀನಿ."

ಮೂಲೆಯಲ್ಲಿ ಅತ್ತೆ ಪದ್ಯ ನಿಲ್ಲಿಸಿದ್ದರು. ಸಾಲಿನ ಕೊನೆಯಲ್ಲಲ್ಲ, ನಟ್ಟ ನಡುವೆ. ಅವರು ಹಾಗೆ ನಿಲ್ಲಿಸಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಆ ಕಡೆ ತಿರುಗಿದರು.

"ಹನಿ ಬೀಳೋ ಸದ್ದು ಕೇಳ್ತಿದೆಯಲ್ಲೋ" ಎಂದರು ಅತ್ತೆ, ಮಂಜುಗಣ್ಣನ್ನು ಮಗನ ಕಡೆ ತಿರುಗಿಸಿ. "ಐಸ್‌ಗೆ ನಿಮ್ಮ ಜಗಳ ಗೊತ್ತಾಗುತ್ತಾ? ಯಾರಾದ್ರೂ ಹೊರಡಿ."

ಚಿಕ್ಕ ಸೊಸೆ ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದುಕೊಂಡಳು. ಐಸ್ ಇಕ್ಕುಳ ಕಾಲ ಬಳಿ ಇಟ್ಟುಕೊಂಡಳು. ಸೀಟಿಗೆ ಹತ್ತಿ, ಎರಡೂ ಕೈಯನ್ನು ಒಂದು ಕ್ಷಣ ಎದೆಗೆ ಒತ್ತಿ, ನೀನೇ ನೋಡಿಕೋ ಎಂದು ಮನಸ್ಸಿನಲ್ಲೇ ಹೇಳಿ, ಕೀಲಿ ತಿರುಗಿಸಿದಳು. ಗಂಡ ಕಿಟಕಿಯ ಹತ್ತಿರ ಬಂದ. ತಡೆಯುತ್ತಾನೆ ಎಂದುಕೊಂಡಳು.

"ಎರಡನೇ ಗಿಯರಲ್ಲಿ ಎತ್ತಬೇಡ" ಎಂದ ಆತ, ಕಿಟಕಿಯ ಅಂಚನ್ನು ಒರೆಸುತ್ತಾ. "ಒಂದರಲ್ಲೇ ತೆಗಿ. ಬ್ರೇಕ್‌ಗೆ ಮೊದಲೇ ಕಾಲಿಡು. ತುಂಬಿದ ಗಾಡಿ ಕರೆದ ಕೂಡ್ಲೇ ನಿಲ್ಲಲ್ಲ."

ಮದುವೆಯಾದಂದಿನಿಂದ ಆತ ಆಡಿದ ಮಾತುಗಳಲ್ಲೆಲ್ಲ ಅದು ಒಳ್ಳೆಯದಾಗಿತ್ತು.

ತುಂಬಿದ ಗಾಡಿ ಬೇರೆಯೇ ಪ್ರಾಣಿ. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬಂದಿದ್ದರೂ ಕೈಗೆ ಗೊತ್ತಿರಲಿಲ್ಲ. ಹಿಂಭಾರಕ್ಕೆ ಮೂತಿ ಮೇಲೆದ್ದು, ಸ್ಟೀರಿಂಗ್ ಬೆಣ್ಣೆಯ ಹಾಗೆ ಸಡಿಲಾಗಿತ್ತು. ಗೇಟಿನ ಹಂಪಿನಲ್ಲಿ ಗಾಡಿ ಒಮ್ಮೆ ನರಳಿತು. ಮೊದಲ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ, ಹಿಂದಿನಿಂದ ಯಾರೋ ಭುಜಕ್ಕೆ ಭುಜ ಕೊಟ್ಟು ತಳ್ಳಿದಂತೆ ನೂಕಿತು. ಅತ್ತೆ ಅರ್ಧಕ್ಕೆ ಬಿಟ್ಟ ಸಾಲನ್ನು ಆಕೆ ಎತ್ತಿಕೊಂಡಳು. ಎಳೆ, ನಿಲ್ಲು, ಎತ್ತು. ಸಾಲು ಮುಗಿಯುವಷ್ಟರಲ್ಲಿ ಗಾಡಿ ಹಿಡಿತಕ್ಕೆ ಬಂದಿತ್ತು.

ಕವಲು ದಾರಿ ಬಂತು. ಎಡಕ್ಕೆ ಸಾಬೂನು ಕಾರ್ಖಾನೆಯ ಹಿಂದಿನ ಓಣಿ. ನೇರ ಹೋದರೆ ಮುಖ್ಯ ರಸ್ತೆ, ಅಲ್ಲಿ ಸಾರಿಗೆಯವರ ತಪಾಸಣೆ ಕಟ್ಟೆ. ಭಾವ ದಿನವೂ ಎಡಕ್ಕೆ ತಿರುಗುತ್ತಿದ್ದ. ನೇರ ಹೋದ್ರೆ ಸುಮ್ನೆ ಹೊತ್ತು ಹಾಳು ಎನ್ನುತ್ತಿದ್ದ. ಆಕೆಯ ಕೈ ತಾನಾಗಿ ಎಡಕ್ಕೆ ಹೊರಳತೊಡಗಿತ್ತು.

ಹೊರಳಿದ ಕೈಯನ್ನು ಆಕೆ ನೋಡಿದಳು. ಓಣಿಯಲ್ಲಿ ನುಸುಳಿ ಹೋದರೆ ಇವತ್ತೇನೋ ಕಳೆಯುತ್ತದೆ. ನಾಳೆ? ಕದ್ದು ಓಡಿಸಿದಳು ಎಂದು ಭಾವ ಸಾಯುವವರೆಗೂ ಹೇಳುತ್ತಾನೆ. ಕದ್ದದ್ದು ಹೌದೋ ಅಲ್ಲವೋ ಎಂದು ಅವಳಿಗೂ ಗೊತ್ತಾಗುವುದಿಲ್ಲ. ತಪ್ಪಾಗಿದ್ದರೆ ತಪ್ಪು ಎಂದೇ ಹೇಳಲಿ, ಹೇಳಬೇಕಾದವರು ಹೇಳಲಿ. ಟೀ ಅಂಗಡಿಯ ಬೆಂಚು ಹೇಳುವುದು ಬೇಡ.

ಸ್ಟೀರಿಂಗ್ ನೇರ ಮಾಡಿದಳು.

ತಪಾಸಣೆ ಕಟ್ಟೆಯಲ್ಲಿ ಯಾರೂ ಅವಳಿಗೆ ಕೈ ಅಡ್ಡ ಹಿಡಿಯಲಿಲ್ಲ. ಇನ್‌ಸ್ಪೆಕ್ಟರ್ ತಗಡಿನ ನೆರಳಿನಲ್ಲಿ, ಒಂದು ಬೂಟು ಬಿಚ್ಚಿ, ಊದಿದ ಪಾದವನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಕೂತಿದ್ದ. ಆಕೆ ತಾನಾಗಿಯೇ ಗಾಡಿ ಬದಿಗೆ ನಿಲ್ಲಿಸಿ, ಇಳಿದು, ಲೈಸೆನ್ಸ್ ಹಿಡಿದು ಅವನ ಮುಂದೆ ನಿಂತಳು.

"ಸರ್, ಒಂದು ಕೇಳ್ಬೇಕಿತ್ತು. ಈ ಲೈಸೆನ್ಸಲ್ಲಿ ಆ ಗಾಡಿ ಓಡಿಸ್ಬಹುದಾ?"

ಇನ್‌ಸ್ಪೆಕ್ಟರ್ ಲೈಸೆನ್ಸ್ ನೋಡಿದ, ಗಾಡಿ ನೋಡಿದ, ಆಮೇಲೆ ಅವಳನ್ನು ನೋಡಿದ. "ಓಡಿಸ್ಕೊಂಡು ಬಂದ ಮೇಲೆ ಕೇಳ್ತಿದ್ದೀರಾ?"

"ಓಡಿಸದೆ ಗಾಡಿ ಇಲ್ಲಿಗೆ ಹೇಗೆ ಬರುತ್ತೆ ಸರ್?"

ಪಕ್ಕದಲ್ಲಿದ್ದ ಪೇದೆ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ, ಆದರೆ ಬೂಟು ಹಾಕಿಕೊಂಡ. "ತಾವಾಗೇ ನಿಲ್ಲಿಸಿ ಕೇಳಿದವರನ್ನ ನಾನು ಇದೇ ಮೊದಲು ನೋಡ್ತಿರೋದು. ಏನು ಅನುಮಾನ ನಿಮಗೆ?"

"ಸರಕಿನ ಗಾಡಿ. ತುಂಬಿದ ಮೇಲೆ ಹೆವಿ ಲೈಸೆನ್ಸ್ ಬೇಕು, ಖಾಲಿ ಆದ್ಮೇಲೆ ಲೈಟ್ ಸಾಕು ಅಂತ ನಮ್ಮ ಭಾವ ಹೇಳ್ತಾರೆ. ಅದಕ್ಕೇ ಅರ್ಧ ದಾರಿ ಅವರು, ಅರ್ಧ ದಾರಿ ನಾನು."

ಇನ್‌ಸ್ಪೆಕ್ಟರ್ ಲೈಸೆನ್ಸನ್ನು ತಿರುಗಿಸಿ ಬೆನ್ನು ನೋಡಿದ. "ಅರ್ಧ ದಾರಿ… ಅಂದ್ರೆ ಐಸ್ ಇಳಿಸಿ, ಡ್ರೈವರ್ ಬದಲಾಗಿ…" ಈ ಸಲ ಅವನೂ ನಕ್ಕುಬಿಟ್ಟ. "ಅಲ್ಲಮ್ಮಾ, ಲೈಸೆನ್ಸಿಗೆ ಹೊಟ್ಟೆಯೊಳಗೆ ಏನಿದೆ ಅನ್ನೋದು ಬೇಕಿಲ್ಲ. ಬನ್ನಿ ಇಲ್ಲಿ."

ಡ್ರೈವರ್ ಬಾಗಿಲು ತೆಗೆದು, ಬಾಗಿಲ ಕಂಬಕ್ಕೆ ಹೊಡೆದಿದ್ದ ಅಂಗೈಯಷ್ಟು ತಗಡನ್ನು ಬೆರಳಿನಿಂದ ಉಜ್ಜಿದ. ದಿನವೂ ಆಕೆ ಹತ್ತುವಾಗ ಹಿಡಿದುಕೊಳ್ಳುತ್ತಿದ್ದ ಜಾಗವೇ ಅದು.

"ಕಂಪನಿಯವರು ಹೊಡೆದಿರೋದು. ಗಾಡಿ, ಸರಕು, ಡ್ರೈವರ್, ಡೀಸೆಲ್, ಎಲ್ಲ ಸೇರಿ ಈ ಗಾಡಿ ಅತಿ ಹೆಚ್ಚು ಎಷ್ಟು ತೂಗಬಹುದು ಅಂತ. ಏಳೂಕಾಲು ಟನ್. ಲೈಸೆನ್ಸಿಗೆ ನೋಡೋದು ಇದೊಂದನ್ನೇ. ನಿಮ್ಮ ಮಿತಿ ಏಳೂವರೆ, ಇದು ಅದರ ಒಳಗೇ ಇದೆ. ಸಣ್ಣ ಸರಕಿನ ಗಾಡಿಗೆ ಇಲ್ಲಿ ಲೈಟ್ ಲೈಸೆನ್ಸ್ ಸಾಕು. ತುಂಬಿದ್ರೂ ನೀವೇ, ಖಾಲಿ ಇದ್ರೂ ನೀವೇ."

"ಮೊದಲಿಂದಾನೂ?"

"ಲೈಸೆನ್ಸ್ ಕೈಗೆ ಬಂದ ದಿನದಿಂದಾನೂ."

ಆಕೆ ಬಾಗಿಲು ಹಿಡಿದು ನಿಂತಳು. ಸಂತೋಷ ಬರಬೇಕಿತ್ತು. ಬಂದದ್ದು ಸಿಟ್ಟು. ಅಷ್ಟೊಂದು ಬೆಳಗುಗಳು, ಅಷ್ಟೊಂದು ಬಾರಿ ಒಳಗೊಳಗೇ ಜರುಗಿದ್ದು, ಅರ್ಧದಾರಿ ಎನ್ನುವ ಹೆಸರು. ಎಲ್ಲ ಒಟ್ಟಿಗೆ ನೆನಪಿಗೆ ಬಂತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಭಾವ. ಗಾಡಿ ಹೊರಟ ಸುದ್ದಿ ವಾರಗಿತ್ತಿ ಮುಟ್ಟಿಸಿರಬೇಕು.

"ಎಲ್ಲಿದ್ದೀಯ?"

"ತಪಾಸಣೆ ಕಟ್ಟೆಯಲ್ಲಿ. ಇನ್‌ಸ್ಪೆಕ್ಟರ್ ಹತ್ತಿರ ಮಾತಾಡ್ತಿದ್ದೆ."

"ಅಲ್ಲಿಗ್ಯಾಕೆ ಹೋದೆ? ನಿನಗೆ ಬುದ್ಧಿ ಇದೆಯಾ? ತೂಕಕ್ಕೆ ಹಾಕ್ಸಿದ್ರಾ? ಹಾಕ್ಸಬೇಡ! ಏನಾದ್ರೂ ಹೇಳಿ ಹೊರಟುಬಿಡು!"

ಲೈಸೆನ್ಸಿನ ಮಾತನ್ನೇ ಎತ್ತಲಿಲ್ಲ ಭಾವ. ತೂಕದ ಮಾತು ಮಾತ್ರ ಎತ್ತಿದ. ಆಕೆ ಫೋನನ್ನು ಕಿವಿಯಿಂದ ಇಳಿಸಿ ಗಾಡಿಯ ಕಡೆ ನೋಡಿದಳು. ಕುಸಿದ ಟೈರುಗಳನ್ನು ನೋಡಿದಳು. ಗಾಡಿ ಏಳೂವರೆ ದಾಟುತ್ತೆ, ದಾಟುತ್ತೆ ಎಂದು ಇಷ್ಟು ದಿನ ಹೇಳುತ್ತಾ ಬಂದವನು ಅವನೇ. ತಗಡು ಹೇಳುತ್ತಿರುವುದು ಏಳೂಕಾಲು. ಸಾಬೂನು ವಾಸನೆಯ ಓಣಿ ಈಗ ತಟಕ್ಕನೆ ಅರ್ಥವಾಯಿತು. ಹೆವಿ ಲೈಸೆನ್ಸ್ ಜೇಬಿನಲ್ಲಿದ್ದವನು ತಪಾಸಣೆ ಕಟ್ಟೆಗೆ ಯಾಕೆ ಹೆದರಬೇಕಿತ್ತು?

"ಸರ್" ಎಂದಳು. "ಗಾಡಿ ತೂಗಿಸಿ ನೋಡ್ಬಹುದಾ?"

ಪೇದೆ ಬಾಯಿ ತೆರೆದು ನಿಂತ. ಇನ್‌ಸ್ಪೆಕ್ಟರ್ ಅವಳನ್ನೇ ದಿಟ್ಟಿಸಿದ. "ಹೆಚ್ಚು ಬಂದ್ರೆ ಸುಮ್ನೆ ಬಿಡಲ್ಲ ನಾನು. ಮೊದಲೇ ಹೇಳಿದ್ದೀನಿ."

"ಬಿಡಬೇಡಿ. ಸರಿಯಾಗಿದ್ದದ್ದು ಸರಿ ಅಂದ್ರಲ್ಲ, ತಪ್ಪಾಗಿದ್ದದ್ದನ್ನೂ ತಪ್ಪು ಅನ್ನಿ."

ತೂಕದ ಕಟ್ಟೆಯ ಮೇಲೆ ಗಾಡಿ ಹತ್ತಿಸಿದಳು. ಏಳೂವರೆಯ ಮೇಲೆ ಇನ್ನೂ ಸ್ವಲ್ಪ ತೋರಿಸಿ ಮುಳ್ಳು ನಿಂತಿತು.

"ಇದು ನಿಮ್ಮ ಲೈಸೆನ್ಸಿನ ತಪ್ಪಲ್ಲ" ಎಂದ ಇನ್‌ಸ್ಪೆಕ್ಟರ್. "ತುಂಬಿದವರ ತಪ್ಪು. ಈ ಗಾಡಿ ಇಷ್ಟು ಭಾರ ಆಗೋ ಹಾಗೇ ಇಲ್ಲ. ಹೆವಿಯವನು ಓಡಿಸಿದ್ರೂ ಅಷ್ಟೇ, ವಿಮಾನ ಓಡಿಸೋನು ಬಂದು ಓಡಿಸಿದ್ರೂ ಅಷ್ಟೇ. ಇವತ್ತು ಕೇಳ್ಕೊಂಡು ಬಂದಿದ್ದೀರಿ, ಹೆಚ್ಚಿನದು ಇಳಿಸಿ ಹೋಗಿ. ನಾಳೆಯೂ ಹೀಗೇ ಬಂದ್ರೆ ಕೇಸ್ ಬರೀತೀನಿ."

ಆಕೆ ಹಿಂಬಾಗಿಲು ತೆಗೆದಳು. ಇಕ್ಕುಳ ಕಚ್ಚಿಸಿ, ಹಲಗೆ ಒರಗಿಸಿ, ಒಂದೊಂದೇ ಗಡ್ಡೆಯನ್ನು ಜಾರಿಸಿದಳು. ಪೇದೆ ಕೈ ಹಾಕಲು ಬಂದು, ಬರಿಗೈಯಲ್ಲಿ ಹಿಡಿದು, ಹಾ ಎಂದು ಬಿಟ್ಟ. "ಅಣ್ಣಾ, ಇದು ಸೌಮ್ಯವಾಗಿ ಹೇಳಿದ್ರೆ ಮಾತ್ರ ಕೇಳುತ್ತೆ" ಎಂದಳು ಆಕೆ. ಮುಳ್ಳು ಏಳೂಕಾಲಿಗಿಂತ ಕೆಳಗೆ ಇಳಿಯುವವರೆಗೂ ಇಳಿಸಿದಳು. ತಗಡಿನ ನೆರಳಿನಲ್ಲಿ ಗಡ್ಡೆಗಳು ಸಾಲಾಗಿ ಕೂತು ಹೊಗೆಯಾಡಿದವು.

"ಇವನ್ನ ಏನ್ಮಾಡ್ತೀರಿ?" ಎಂದ ಇನ್‌ಸ್ಪೆಕ್ಟರ್.

"ಇಲ್ಲೇ ಇರ್ಲಿ. ವಾಪಸ್ ಬರುವಾಗ ಉಳಿದಿದ್ರೆ ತಗೊಂಡು ಹೋಗ್ತೀನಿ."

"ನೋಡಿ, ಲಂಚ ಗಿಂಚ ಅಂತ ಆಗ್ಬಾರ್ದು."

"ಲಂಚ ಆಗಿದ್ರೆ ಕರಗ್ತಿತ್ತಾ ಸರ್?"

ಗಾಡಿ ಹೊರಟಾಗ ಕನ್ನಡಿಯಲ್ಲಿ ಕಂಡಿತು: ಇನ್‌ಸ್ಪೆಕ್ಟರ್ ಮತ್ತೆ ಬೂಟು ಬಿಚ್ಚಿ, ಆ ಕಡೆ ಈ ಕಡೆ ನೋಡಿ, ಊದಿದ ಪಾದವನ್ನು ಮೆಲ್ಲಗೆ ಒಂದು ಗಡ್ಡೆಗೆ ತಾಗಿಸುತ್ತಿದ್ದ.

ಡೈರಿಯಲ್ಲಿ ಅರ್ಧ ಇಳಿಸಿದಳು. ಟೀ ಅಂಗಡಿಯ ತಿರುವು ಬಂತು. ಭಾವ ಬೆಂಚಿನಿಂದೆದ್ದು ರಸ್ತೆಯಂಚಿಗೇ ಬಂದು ನಿಂತಿದ್ದ. ಗಾಡಿ ನಿಂತಿತು. ಇಷ್ಟು ವರ್ಷ ಇಳಿಯುತ್ತಿದ್ದ ಬಾಗಿಲಿಗೇ ಬಂದು ಕೈ ಚಾಚಿದ.

"ಇಳಿ. ಕೀಲಿ ಕೊಡು. ಮಾನ ಕಳೆದದ್ದು ಸಾಕು, ಮನೆಗೆ ಹೋಗಿ ಮಾತಾಡೋಣ."

ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ನೋಡುತ್ತಿದ್ದ. ಬೆಂಚಿನವರೂ ನೋಡುತ್ತಿದ್ದರು.

"ಯಾವ ಮಾನ ಭಾವ?" ಎಂದಳು ಆಕೆ, ಎಲ್ಲರಿಗೂ ಕೇಳುವಂತೆ, ಆದರೆ ಕೂಗದೆ. "ತುಂಬಿದ ಗಾಡಿಗೂ ನನ್ನ ಲೈಸೆನ್ಸೇ ಸಾಕಂತೆ. ಮೊದಲಿಂದಾನೂ ಸಾಕಿತ್ತಂತೆ. ಗಾಡಿ ಕುಸಿಯೋ ಹಾಗೆ ತುಂಬೋಕೆ ಮಾತ್ರ ಯಾವ ಲೈಸೆನ್ಸೂ ಇಲ್ಲವಂತೆ. ನಿಮ್ಮದೂ ಇಲ್ಲ, ಸೋಮವಾರ ಬರೋರದ್ದೂ ಇಲ್ಲ."

ಭಾವನ ಕೈ ಚಾಚಿದಂತೆಯೇ ಉಳಿಯಿತು. "ಜನ ನೋಡ್ತಿದ್ದಾರೆ" ಎಂದ, ಹಲ್ಲಿನ ಸಂದಿಯಲ್ಲಿ.

"ನೋಡ್ಲಿ. ದಿನಾ ಇದೇ ಜಾಗದಲ್ಲಿ ನಾನು ಪಕ್ಕದ ಸೀಟಿಂದ ತೆವಳ್ಕೊಂಡು ಬರೋದನ್ನ ನೋಡಿದ್ದಾರೆ. ಇದನ್ನೂ ನೋಡ್ಲಿ."

"ಅಂದ್ರೆ? ನಾನು ಸತ್ತೆ ಅಂತಾನಾ?"

"ಅಯ್ಯೋ, ಬಿಡ್ತು ಅನ್ನಿ. ಆ ಕಡೆ ಬಾಗಿಲು ತೆಗೆದೇ ಇದೆ. ಮಾರ್ಕೆಟ್‌ನಲ್ಲಿ ಇಳಿಸೋಕೆ ಕೈ ಬೇಕು, ಬನ್ನಿ. ಸೀಟು ಸ್ವಲ್ಪ ಒದ್ದೆ ಇದೆ. ನಾನು ಕೂರ್ತಿದ್ದಾಗ್ಲೂ ಒದ್ದೇನೇ ಇತ್ತು."

ಟೀ ಅಂಗಡಿಯವನು ಕೆಮ್ಮಿದ. ನಗು ಅಡಗಿಸಲು ಕೆಮ್ಮಿದ್ದು ಎಂದು ಭಾವನಿಗೂ ಗೊತ್ತಾಯಿತು. ಕೈ ಇಳಿಸಿದ. ಆದರೆ ಹತ್ತಲಿಲ್ಲ. ಬೆಂಚಿಗೂ ಹಿಂತಿರುಗಲಿಲ್ಲ. ಎಂಜಿನ್ ಓಡುತ್ತಿತ್ತು, ಹಿಂದೆ ಹನಿಗಳು ಒಂದರ ಹಿಂದೊಂದು ರಸ್ತೆಗೆ ಬೀಳುತ್ತಿದ್ದವು.

"ಸರಿ, ಮೀನು ಕಾಯಲ್ಲ" ಎಂದಳು ಆಕೆ. "ನಾಳೆ ಬೆಳಿಗ್ಗೆ ಬನ್ನಿ ಭಾವ. ಎಷ್ಟು ತುಂಬ್ಬೇಕು ಅಂತ ನಾನು ಹೇಳ್ತೀನಿ. ನಿಮ್ಮ ಭಾವಮೈದುನನಿಗೂ ತಿಳಿಸಿ, ಅವರಿಗೆ ತೊಟ್ಟಿ ಕೆಲಸ ಬರುತ್ತೆ ಅಂದ್ರೆ ಖಂಡಿತ ಬರ್ಲಿ. ನನ್ನ ಜಾಗ ಅಲ್ಲಿ ಖಾಲಿ ಇದೆ."

ಒಂದನೇ ಗಿಯರಿನಲ್ಲೇ ಎತ್ತಿದಳು, ಅರ್ಧ ಗಾಡಿಗೆ ಅದು ಬೇಕಿರದಿದ್ದರೂ. ಹಿಂದಿನಿಂದ ಟೀ ಅಂಗಡಿಯವನ ದನಿ ಕೇಳಿತು: "ಅರ್ಧದಾರೀ, ನಾಳೆ ಇಲ್ಲಿ ನಿಲ್ಲಿಸೋದಿಲ್ವಾ ಹಾಗಾದ್ರೆ?"

"ಟೀ ಕುಡಿಯೋಕೆ ನಿಲ್ಲಿಸ್ತೀನಿ" ಎಂದು ಕಿಟಕಿಯಿಂದ ತಲೆ ಹಾಕಿ ಕೂಗಿದಳು. ಅಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೇ ಬೆರಗಾಯಿತು. "ಹೆಸರು ಮಾತ್ರ ಬೇರೆ ಹುಡುಕಿಟ್ಟಿರು!"

ಮಾರುಕಟ್ಟೆಯ ದಾರಿಯಲ್ಲಿ ಬಿಸಿಲು ಎದುರಿನಿಂದ ಹೊಡೆಯುತ್ತಿತ್ತು. ಆಕೆ ಕಣ್ಣು ಕಿರಿದು ಮಾಡಿ, ಮುಂದಿನ ಸಾಲನ್ನು ಎತ್ತಿಕೊಂಡಳು, ಈ ಸಲ ತುಟಿಯಲ್ಲಷ್ಟೇ ಅಲ್ಲ, ಬಾಯಿಬಿಟ್ಟೇ.